‘ಹೃದಯಾದ’ ಶಬ್ದವೂ ಶ್ವಾಪದಗಳ ಶ್ವಾಸಕೋಶಕ್ರಿಮಿಗಳೂ

ಚರಕಸಂಹಿತೆಯ ವಿಮಾನಸ್ಥಾನದ 7ನೆಯ ಅಧ್ಯಾಯದಲ್ಲಿ 20 ಬಗೆಯ ಕ್ರಿಮಿಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಶ್ಲೇಷ್ಮಜಗಳು 7. ಅವುಗಳಲ್ಲೊಂದಕ್ಕೆ ಹೃದಯಚರವೆಂದು ಹೆಸರು. ಮಾಧವನಿದಾನದಲ್ಲಿ ಇದೇ ‘ಹೃದಯಾದ’, ಎಂದರೆ ಹೃದಯವನ್ನು ತಿನ್ನುವುದು, ಎಂದಾಗಿದೆ. ನಾಯಿ ನರಿಗಳ ಹೃದಯದಲ್ಲಿಯೂ ಶ್ವಾಸಕೋಶದ ರಕ್ತನಾಳಗಳಲ್ಲಿಯೂ ವಾಸಿಸುವ ಹುಳುವನ್ನು ಆಧುನಿಕರು ತೋರಿಸಿಕೊಟ್ಟಿರುವುದರಿಂದ, ‘ಇದೇ ನಮ್ಮ ಹೃದಯಾದ’ ಎಂದುಬಿಡುವುದು ಸುಲಭ. ಪಾಠ ಹೇಳುವಾಗ ನಾನೂ ಒಮ್ಮೆ ಹಾಗೆಂದದ್ದುಂಟು. ಆ ಮಾತನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕಾರಣವು ಮೂಲದಲ್ಲಿಯೇ ಇದೆ. ಪ್ರತಿಯೊಂದು ವರ್ಗದ ಕ್ರಿಮಿಗೂ ಸಮುತ್ಥಾನ, ಸ್ಥಾನ, ಸಂಸ್ಥಾನ, ವರ್ಣ, ನಾಮ, ಪ್ರಭಾವ, ಚಿಕಿತ್ಸೆ ಎಂಬಿವನ್ನು ಚರಕನು ಬೇರೆಬೇರೆಯಾಗಿ ಹೇಳುತ್ತಾನೆ. ಸ್ಥಾನವೇ ಬೇರೆ, ನಾಮವೇ ಬೇರೆ. ಶ್ಲೇಷ್ಮಜಗಳ ಸ್ಥಾನವು ಆಮಾಶಯ. ಬೆಳೆದಂತೆ ಅವು ಮೇಲಕ್ಕೋ ಕೆಳಕ್ಕೋ ಎರಡು ಕಡೆಗೋ ಹರಿಯುತ್ತವೆ. ಪುಪ್ಪುಸದ ಮಾತೇ ಅಲ್ಲಿಲ್ಲ. ಅಲ್ಲದೆ ಆ ಪ್ರಕರಣವೆಲ್ಲವೂ ಮನುಷ್ಯರೋಗಿಯನ್ನು ಕುರಿತದ್ದು. ಹೀಗಿರಲು ನಾಮದ ವ್ಯುತ್ಪತ್ತಿಯಿಂದ ಸ್ಥಾನವನ್ನು ಊಹಿಸುವುದು ವೈಯಾಕರಣನ ಚಾಪಲ್ಯವೇ ಹೊರತು ಶಾಸ್ತ್ರಾರ್ಥವಲ್ಲ.

ನಾಮವು ಸ್ಥಾನವನ್ನು ತಪ್ಪಿಸುವುದು ನಮ್ಮಲ್ಲಿ ಮಾತ್ರವೇ ಅಲ್ಲ. ಮೇಲೆ ಹೇಳಿದ ಹುಳುವನ್ನು ಫ್ರಾನ್ಸಿನ ತುಲೂಸ್ ನಗರದಲ್ಲಿ ಸೆರ್ ಎಂಬವನು 1853ರಲ್ಲಿ ನಾಯಿಯಲ್ಲಿ ಕಂಡನು; 1866ರಲ್ಲಿ ಬೈಯೆ ಎಂಬವನು ಅದನ್ನು ವರ್ಣಿಸಿದನು. ಈಗ ಅದಕ್ಕೆ ಆಂಜಿಯೋಸ್ಟ್ರಾಂಗೈಲಸ್ ವಾಸೋರಮ್ ಎಂದು ಹೆಸರು. ಇದನ್ನು ಕೆಲವರು ಫ್ರೆಂಚರ ಹೃದಯಕ್ರಿಮಿಯೆಂದೂ ಕೆಲವರು ಶ್ವಾಸಕೋಶಕ್ರಿಮಿಯೆಂದೂ ಕರೆಯುತ್ತಾರೆ. ಬೆಳೆದ ಹುಳು ಇರುವುದು ರಕ್ತನಾಳದಲ್ಲಿ. ಶ್ವಾಸಕೋಶವನ್ನು ಭೇದಿಸಿಕೊಂಡು ಹೊರಡುವುದು ಅದರ ಮರಿ. ಆ ಮರಿಯು ಕೆಮ್ಮಿನೊಡನೆ ಗಂಟಲಿಗೆ ಬಂದು, ನುಂಗಲ್ಪಟ್ಟು, ಮಲದೊಡನೆ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಮುಂದಿನ ದಾರಿಯು ಬಹುಕಾಲ ತಿಳಿದಿರಲಿಲ್ಲ. ಚಿಪ್ಪಿಲ್ಲದ ಬಸವನಹುಳುವಿನೊಳಗೆ ಅದು ಬೆಳೆಯುತ್ತದೆಂಬುದನ್ನು ಗಿಯೋಂ ಎಂಬ ವಿದ್ವಾಂಸನು ಪ್ರಕಟಿಸಿದ್ದು 1960ರಲ್ಲಿ. ಅಂತಹ ಬಸವನಹುಳುವನ್ನು ತಿಂದ ನಾಯಿಗೂ ನರಿಗೂ ಈ ಹುಳು ಅಂಟುತ್ತದೆ. ಕಾಡು ಊರೆಂಬ ಭೇದವು ಅದಕ್ಕಿಲ್ಲ.

ಇನ್ನೊಂದು ಹುಳುವಿನ ಕಥೆಯು ಶಬ್ದಪ್ರಿಯರಿಗೆ ಹೆಚ್ಚು ರುಚಿಸೀತು. ಮುಂದೆ ಮಹಾವೈದ್ಯನೆಂದು ಪ್ರಸಿದ್ಧನಾದ ವಿಲಿಯಂ ಆಸ್ಲರನು ಕೆನಡಾದ ಮಾಂಟ್ರಿಯಲ್ಲಿನಲ್ಲಿ ಕೆಮ್ಮಿ ಸತ್ತ ಬೇಟೆನಾಯಿಮರಿಗಳನ್ನು ಕೊಯ್ದು ನೋಡಿದನು. ಶ್ವಾಸನಾಳವು ಕವಲೊಡೆಯುವೆಡೆಯಲ್ಲಿ ಸಣ್ಣ ಗಂಟುಗಳಿದ್ದವು; ಗಂಟುಗಳೊಳಗೆ ಹುಳುಗಳು. 1877ರಲ್ಲಿ ಅವನು ಇದನ್ನು ಪ್ರಕಟಿಸಿ, ನಾಯಿಯ ಶ್ವಾಸನಾಳದ ಹುಳುವೆಂಬರ್ಥದ ಹೆಸರನ್ನಿಟ್ಟನು. ಆ ಹೆಸರಿನಲ್ಲಿ ಸ್ಥಾನವಿತ್ತು. ಎರಡು ವರ್ಷಗಳ ಮೇಲೆ ಲಂಡನ್ನಿನ ಕಾಬೋಲ್ಡನು ಅದನ್ನು ತೆಗೆದು, ಕಂಡವನ ಹೆಸರನ್ನೇ ಹುಳುವಿಗೆ ಕೊಟ್ಟನು. ಗೌರವಾರ್ಥವಾದರೂ, ಹೆಸರಿನಿಂದ ಸ್ಥಾನವು ಮರೆಯಾಯಿತು. ಇಂದು ಅದು ಆಸ್ಲೆರಸ್ ಆಸ್ಲೆರಿ. ಇಬ್ಬರು ಆಸ್ಲರರು, ಶ್ವಾಸನಾಳವಿಲ್ಲ!

ಈ ಹುಳುವಿಗೆ ಬಸವನಹುಳುವೂ ಬೇಕಾಗಿಲ್ಲ. ದಕ್ಷಿಣ ಆಫ್ರಿಕದ ಡಾರಿಂಗ್ಟನ್ 1968ರಲ್ಲಿ ಪ್ರಕಟಿಸಿದಂತೆ, ಇದು ನಾಯಿಯಿಂದ ನಾಯಿಗೆ ನೇರವಾಗಿ ದಾಟುತ್ತದೆ. ತಾಯಿಯು ಮರಿಗಳನ್ನು ನೆಕ್ಕುವಾಗ ಅವಳ ಜೊಲ್ಲಿನಲ್ಲಿರುವ ಹುಳುಮರಿಯು ಅವುಗಳ ಬಾಯಿಗೆ ಹೋಗುತ್ತದೆ. ನುಂಗಿದ ಆಹಾರವನ್ನು ಕಕ್ಕಿ ಮರಿಗಳಿಗೆ ಉಣಿಸುವ ಕಾಡುನಾಯಿಜಾತಿಗಳಲ್ಲಿ ಇದಕ್ಕೆ ದಾರಿಯು ಇನ್ನೂ ಸಲೀಸು. ಕೊಯ್ದು ನೋಡಿದ ಆಸ್ಲರನಿಗೆ ಸ್ಥಾನವು ಸಿಕ್ಕಿತು. ಸಮುತ್ಥಾನವು ಸಿಕ್ಕಲು ತೊಂಬತ್ತು ವರ್ಷಗಳು ಹಿಡಿದವು. ಎರಡನ್ನೂ ಬೇರೆಯಾಗಿ ಕೇಳಬೇಕೆಂದ ಚರಕನ ಕ್ರಮವು ನನಗೆ ಯಾವ ಹೃದಯಾದಕ್ಕಿಂತಲೂ ಹೆಚ್ಚಿನದಾಗಿ ತೋರುತ್ತದೆ.

ಬೆಕ್ಕಿನ ಶ್ವಾಸಕೋಶಕ್ರಿಮಿಗೆ 1898ರಲ್ಲಿ ರಾಯೆ ಎಂಬ ಫ್ರೆಂಚ್ ಪಂಡಿತನು ಕೊಟ್ಟ ಲ್ಯಾಟಿನ್ ವಿಶೇಷಣಕ್ಕೆ ‘ಗೂಢ’ವೆಂದರ್ಥ. ಇದೊಂದು ಮಾತ್ರ ಸಾರ್ಥಕನಾಮ.

ನನ್ನ ಹಳೆಯ ಪಾಠದ ಟಿಪ್ಪಣಿಯು ಯಾರಲ್ಲಾದರೂ ಉಳಿದಿದ್ದರೆ, ‘ಹೃದಯಾದ’ದ ಮುಂದೆ ಬರೆದಿರುವುದನ್ನು ಹೊಡೆದುಹಾಕಿ, ಸ್ಥಾನ ಆಮಾಶಯ ಎಂದು ತಿದ್ದಿಕೊಳ್ಳಬೇಕಾಗಿ ಬೇಡುತ್ತೇನೆ.