ದೀರ್ಘಿಕೆ: ಹಾಲಿನ ಬಾವಿ

ದೀರ್ಘಿಕೆ

ನಿಪ್ಪಾಣಿ ಕಡೆ ಮರಾಠಿ ಶಾಲೆಗೆ ಹೋಗುವ ಹುಡುಗರ ಬಾಯಲ್ಲಿ ಗೆಲಾಕ್ಸಿ ಎಂದರೆ ‘ದೀರ್ಘಿಕಾ’. ಕನ್ನಡದಲ್ಲಿ ಗೆಲಾಕ್ಸಿ ಎಂದೇ ನಡೆದಿದೆ. ಕೆಲವರಂತೂ ಎಲ್ಲಕ್ಕೂ ‘ಆಕಾಶಗಂಗೆ’ ಎಂದುಬಿಡುತ್ತಾರೆ. ಅದು ಸರಿಯಲ್ಲ, ಆಕಾಶಗಂಗೆ ನಾವಿರುವ ಗೆಲಾಕ್ಸಿಯ ಅಂಕಿತನಾಮ.

‘ದೀರ್ಘ’ದಿಂದ ಬಂದ ದೀರ್ಘಿಕೆ ಸಂಸ್ಕೃತದಲ್ಲಿ ಉದ್ದನೆಯ ಕೊಳ. ಅಮರಕೋಶ ಅದನ್ನು ‘ವಾಪಿ’ಯ ಜೊತೆಗಿಡುತ್ತದೆ, ಆ ವಾಪಿಯೇ ನಮ್ಮ ಬಾವಿ. ಇತ್ತ ಗೆಲಾಕ್ಸಿಯ ಬೇರು ಗ್ರೀಕರ ‘ಗಾಲಾ’, ಅಂದರೆ ಹಾಲು. ಹಳಗನ್ನಡದಲ್ಲಿ ಹಾಲು ‘ಪಾಲ್’. ತಮಿಳು, ಮಲಯಾಳದಲ್ಲಿ ಇಂದಿಗೂ ಪಾಲ್, ತೆಲುಗಿನಲ್ಲಿ ಪಾಲು. ಎರಡನ್ನೂ ಕೂಡಿಸಿ ನೋಡಿ: ರಾಯಬಾಗ ಸೀಮೆಯ ಪಾಲಬಾವಿ! (ಊರಿನ ಹೆಸರು ಹೀಗೇ ಹುಟ್ಟಿತೆಂಬ ವಾದವಲ್ಲ, ಕಿವಿಗೆ ಹಿತವಾಯಿತು, ಅಷ್ಟೆ.)

ಕೊಳವೆಂದರೆ ನಿಂತ ನೀರು. ಆಕಾಶದ ದೀರ್ಘಿಕೆ ಹಾಗಲ್ಲ. ಅದರಲ್ಲೂ ನೀಲಿ ಬಣ್ಣದ ಪುಟಾಣಿ ದೀರ್ಘಿಕೆಗಳಲ್ಲಿ ಅನಿಲ ಸದಾ ಕಲಕುತ್ತಿರುತ್ತದೆ, ಚಿಕ್ಕಿಗಳು ಹಿಂಡುಹಿಂಡಾಗಿ ಹುಟ್ಟುತ್ತವೆ. ಬೆಳಕಿನ ರೋಹಿತದ ಗೆರೆಗಳು ಕೆಂಪಿನತ್ತಲೋ ನೀಲಿಯತ್ತಲೋ ಎಷ್ಟು ಸರಿದಿವೆ ಎಂದು ಅಳೆದು ಈ ಒಳಚಲನೆಯನ್ನು ತಿಳಿಯುತ್ತಾರೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ರೂಪುಗೊಂಡ ನೇರಳಾತೀತ ದೂರದರ್ಶಕವಿದೆ. ಅದು ಕಂಡ ಇಂಥ ಕುಬ್ಜ ದೀರ್ಘಿಕೆಗಳ ಅಂಚಿನಲ್ಲಿ ಹೊಸ ಚಿಕ್ಕಿಗಳ ಮುದ್ದೆಗಳಿದ್ದವು. ಅವು ಮೆಲ್ಲಗೆ ನಡುವಿನತ್ತ ಜಾರುತ್ತವೆಂದು 2022ರ ಅಧ್ಯಯನವೊಂದು ಹೇಳಿತು, ಬದಿಯ ಸೆಲೆ ಬಾವಿಯ ತಳಕ್ಕೆ ಇಳಿದಂತೆ.