ಕುಲುಮೆಯಿಂದ ಬಾಯ್ಲರಿಗೆ: ಬೈಲಹೊಂಗಲ ಪರಿಸರದ ಬೆಂಕಿಯ ಅರಿವು

ಜನಪದ ತಂತ್ರಜ್ಞಾನದ ಅಧ್ಯಯನವೆಂದರೆ ನೇಗಿಲು, ಕೂರಿಗೆ, ಗಾಣ, ಮಗ್ಗಗಳ ವರ್ಣನೆ ಎಂಬ ಗ್ರಹಿಕೆ ನಮ್ಮ ವಿದ್ವತ್ ವಲಯದಲ್ಲಿ ಬೇರೂರಿದೆ. ವಿದ್ಯುತ್ ಸ್ಥಾವರದ ಬೃಹತ್ ಬಾಯ್ಲರು ಅದರ ಕಕ್ಷೆಗೆ ಸೇರದೆಂದೇ ಭಾವಿಸಲಾಗಿದೆ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಬೆಂಕಿಯ ಕಸುಬುಗಳನ್ನು ಬಲ್ಲವರಿಗೆ ‘ಫ್ಲೂಯಿಡೈಸ್ಡ್ ಬೆಡ್’ ಬಾಯ್ಲರಿನ ತತ್ತ್ವ ತೀರ ಅಪರಿಚಿತವೇನಲ್ಲ.

ಇಲ್ಲಿನ ಮೂರು ಬಗೆಯ ಬೆಂಕಿಗಳನ್ನು ಗಮನಿಸಬಹುದು. ಮೊದಲನೆಯದು ಕಂಬಾರರ ಕುಲುಮೆ. ಅಲ್ಲಿ ತಿದಿಯ ಗಾಳಿ ಇದ್ದಿಲನ್ನು ಕೆರಳಿಸುತ್ತದೆ. ಎರಡನೆಯದು ಚುರುಮರಿ ಭಟ್ಟಿ. ಅಲ್ಲಿ ಅಕ್ಕಿಗೆ ಉರಿ ನೇರವಾಗಿ ತಾಗುವುದಿಲ್ಲ, ಕಾದ ಮರಳು ಕಾಳುಕಾಳಿಗೂ ಕಾವನ್ನು ಹಂಚುತ್ತದೆ. ಮೂರನೆಯದು ಸುಣ್ಣದ ಭಟ್ಟಿ. ರಾಮದುರ್ಗದ ಆಚೆ ಲೋಕಾಪುರ, ಬಾಗಲಕೋಟೆಗಳ ಕಡೆಗೆ ಹಬ್ಬಿರುವ ಕಲಾದಗಿ ಶ್ರೇಣಿಯಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ.

ಗಾಳಿ, ಮರಳು, ಸುಣ್ಣ ಈ ಮೂರೂ ಒಂದೇ ಒಲೆಯಲ್ಲಿ ಸೇರಿದರೆ ಪ್ರಸ್ತುತ ಬಾಯ್ಲರಿನ ಸ್ಥೂಲ ಚಿತ್ರ ದೊರೆಯುತ್ತದೆ. ತಳದ ರಂಧ್ರಗಳಿಂದ ಊದಿದ ಗಾಳಿಗೆ ಮರಳು ಮತ್ತು ಬೂದಿಯ ಹಾಸು ಕುದಿಯುವ ನೀರಿನಂತೆ ಮೊರೆಯುತ್ತದೆ. ಅದರಲ್ಲಿ ಬೆರೆತ ಕಲ್ಲಿದ್ದಲಿನ ಚೂರು ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉರಿಯುತ್ತದೆ. ಶಾಖ ಈ ಮಿತಿಯಲ್ಲಿರುವುದರಿಂದ ನೈಟ್ರೋಜನ್ ಆಕ್ಸೈಡುಗಳ ಉತ್ಪತ್ತಿ ಕಡಿಮೆ. ಸುಣ್ಣದ ಕಲ್ಲಿನ ಪುಡಿ ಗಂಧಕದ ಅಂಶವನ್ನು ಹಿಡಿದು ಬೂದಿಯೊಡನೆ ಇಳಿಸುತ್ತದೆ. ಬೂದಿ ಹೆಚ್ಚಿರುವ ನಮ್ಮ ದೇಶದ ಕಲ್ಲಿದ್ದಲು, ಭತ್ತದ ಹೊಟ್ಟು ಮೊದಲಾದ ಉರುವಲುಗಳಿಗೂ ಇದು ಒಗ್ಗುತ್ತದೆ.

ಜರ್ಮನಿಯ ಫ್ರಿಟ್ಸ್ ವಿಂಕ್ಲರ್ 1922ರಲ್ಲಿ ಕಲ್ಲಿದ್ದಲಿನಿಂದ ಅನಿಲ ತೆಗೆಯಲು ಈ ತತ್ತ್ವವನ್ನು ಬಳಸಿದನು. ಪೋಲೆಂಡಿನಲ್ಲಿ 2009ರಲ್ಲಿ 460 ಮೆಗಾವಾಟ್‌ನ, ಚೀನಾದ ಬೈಮಾದಲ್ಲಿ 2013ರಲ್ಲಿ 600 ಮೆಗಾವಾಟ್‌ನ ಘಟಕಗಳು ಕಾರ್ಯಾರಂಭಿಸಿದವು. ನಮ್ಮ ನೆರೆಯ ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್ ಉರಿಸುವ 250 ಮೆಗಾವಾಟ್‌ನ ಎರಡು ಘಟಕಗಳು 2015ರಲ್ಲಿ ಬಂದವು. ಕರ್ನಾಟಕದ ಮಾರ್ಗ ಬೇರೆ. 1985ರಲ್ಲಿ ಆರಂಭವಾದ ರಾಯಚೂರು ಸ್ಥಾವರವು ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಉರಿಸುವ ಪದ್ಧತಿಯದು. ಬೈಲಹೊಂಗಲ ಸೀಮೆಯ ದೊಡ್ಡ ಬಾಯ್ಲರುಗಳಾದರೋ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಗಳಂಥ ಊರುಗಳ ಸಕ್ಕರೆ ಕಾರ್ಖಾನೆಗಳವು; ಕಬ್ಬಿನ ಸಿಪ್ಪೆಗೆ ಸಾಮಾನ್ಯವಾಗಿ ಬಳಸುವುದು ಜಾಲರಿ ಹಾಸಿನ ಒಲೆಯನ್ನು.

ಹಾಗಾಗಿ ನಮ್ಮ ಭಟ್ಟಿಯೇ ಈ ಬಾಯ್ಲರಿನ ಮೂಲವೆಂದು ಹೇಳಹೊರಡುವುದು ಚರಿತ್ರೆಗೆ ಬಗೆವ ಅಪಚಾರ. ಸಾಮ್ಯವು ವಂಶಾವಳಿಯಲ್ಲ. ಗಮನಿಸಬೇಕಾದುದು ಬೇರೊಂದು ಸಂಗತಿ: ಈ ಯಂತ್ರವನ್ನು ಕನ್ನಡದಲ್ಲಿ ವಿವರಿಸಲು ಬೇಕಾದ ಮಾತುಗಳು ಕಸುಬುದಾರರ ಬಾಯಲ್ಲಿವೆ. ತಿದಿ, ಕಾವು, ಕೆಂಡ, ಹದ, ಹಾಸು ಇವು ಯಾವ ಪಾರಿಭಾಷಿಕ ಕೋಶದ ಕೃಪೆಯಿಂದಲೂ ಹುಟ್ಟಿದವಲ್ಲ. ತಿದಿಯ ಜಾಗಕ್ಕೆ ವಿದ್ಯುತ್ ಊದುಯಂತ್ರ ಬಂದಂತೆ ಆ ಪದವೂ ಅದರ ಹಿಂದಿನ ಅನುಭವವೂ ಹಿಂದೆ ಸರಿಯುತ್ತಿವೆ. ಉರಿಯ ಬಣ್ಣ, ಸದ್ದುಗಳಿಂದ ಹದವನ್ನು ಅರಿಯಬಲ್ಲವರು ಇರುವಾಗಲೇ ಅವರ ಮಾತನ್ನು ದಾಖಲಿಸಬೇಕು. ಬಾಯ್ಲರ್ ಮನೆಯ ಕಾರ್ಮಿಕನೂ ನಮ್ಮ ಕ್ಷೇತ್ರಕಾರ್ಯದ ವಕ್ತೃವಾಗಬೇಕು. ಹಾಗಾಗದಿದ್ದರೆ ಕನ್ನಡದ ತಂತ್ರಜ್ಞಾನ ಚರಿತ್ರೆ ಯಂತ್ರಗಳ ಪಟ್ಟಿಯಾಗಿ ಉಳಿದೀತೇ ಹೊರತು ದುಡಿದವರ ಅರಿವಿನ ಚರಿತ್ರೆಯಾಗಲಾರದು.