ಒಂದು ನೊಗ, ಎರಡೆತ್ತು

ನನ್ನ ಹಳೆಯ ಕಂಪ್ಯೂಟರಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳಿವೆ. ತೆರೆಯ ಮೇಲೆ ಚಿತ್ರ ಬಿಡಿಸುವುದು ಅವುಗಳ ಕಸುಬು. ಎತ್ತು ಎರಡಾದರೆ ಬಂಡಿಯ ಓಟವೂ ಇಮ್ಮಡಿಯಾದೀತೆಂದು ನಂಬಿ, ಸಂಬಳದಲ್ಲಿ ಉಳಿಸಿ ಎರಡನೆಯದನ್ನು ಕೊಂಡಿದ್ದೆ.

ಈ ನಂಬಿಕೆಗೂ ಒಂದು ಇತಿಹಾಸವುಂಟು. 1998ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿ ತನ್ನ ಎರಡು ವೂಡೂ 2 ಕಾರ್ಡುಗಳನ್ನು ಜೊತೆಗೂಡಿಸಿತು. ಚಿತ್ರದ ಬೆಸ ಗೆರೆಗಳನ್ನು ಒಂದು ಎಳೆದರೆ ಸಮ ಗೆರೆಗಳನ್ನು ಇನ್ನೊಂದು ಎಳೆಯುತ್ತಿತ್ತು. ಕಂಪನಿ ಮುಳುಗಿತು. ಅದರ ಸ್ವತ್ತನ್ನು ಕೊಂಡ ಎನ್‌ವಿಡಿಯಾ, 2004ರಲ್ಲಿ ಎಸ್‌ಎಲ್‌ಐ ಎಂಬ ಹಳೆಯ ಹೆಸರನ್ನೇ ಮತ್ತೆ ತಂದಿತು. ಈ ಸಲ ಬಹುಮಟ್ಟಿಗೆ ಒಂದು ಇಡೀ ಚಿತ್ರ ಒಂದು ಕಾರ್ಡಿನದು, ಮುಂದಿನದು ಮತ್ತೊಂದರದು. ಹೆಜ್ಜೆ ತಪ್ಪಿದರೆ ಆಟ ತಡವರಿಸುತ್ತಿತ್ತು. ಎರಡೂ ಅದದೇ ಸರಕನ್ನು ಹೊರಬೇಕಾದ್ದರಿಂದ ಮೆಮೊರಿಯೂ ಇಮ್ಮಡಿಸಲಿಲ್ಲ. 2022ರ ಆರ್‌ಟಿಎಕ್ಸ್ 4090ರಲ್ಲಿ ಜೋಡಿಸುವ ಕೊಂಡಿಯೇ ಇಲ್ಲವಾಯಿತು.

ಹಾಗಾದರೆ ಜೋಡಿ ಸೋತಿತೆ? 2012ರಲ್ಲಿ ಟೊರಾಂಟೊದ ಅಲೆಕ್ಸ್ ಕ್ರಿಜೆವ್‌ಸ್ಕಿ, ಒಂದು ಕಾರ್ಡಿನ 3 ಗಿಗಾಬೈಟ್ ಮೆಮೊರಿ ಸಾಲದೆಂದು, ಎರಡು ಜಿಟಿಎಕ್ಸ್ 580ಗಳಿಗೆ ಕೆಲಸವನ್ನು ಅರ್ಧರ್ಧ ಹಂಚಿದರು. ಕೆಲವು ಹಂತಗಳಲ್ಲಿ ಮಾತ್ರ ಅವು ಪರಸ್ಪರ ಮಾತಾಡಿದರೆ ಸಾಕಿತ್ತು. ಐದಾರು ದಿನಗಳಲ್ಲಿ ಯಂತ್ರ ಚಿತ್ರಗಳನ್ನು ಗುರುತಿಸಲು ಕಲಿಯಿತು. ಇಂದಿನ ಕೃತಕ ಬುದ್ಧಿಯ ನಾಗಾಲೋಟಕ್ಕೆ ಅದು ದಾರಿ ತೆರೆಯಿತು.

ನನ್ನ ಎರಡನೆಯ ಕಾರ್ಡನ್ನು ನಾನು ಮಾರಲಿಲ್ಲ. ತಪ್ಪು ಎತ್ತಿನದಲ್ಲ, ನೊಗ ಹೂಡಿದ ಬಗೆಯದು.